ಕಾರಣ: ಮಗಳು

ನಡುಕ ಬರೆಯುವ ಯಂತ್ರ ಮೇಷ್ಟ್ರ ಮನೆಯ ನೆಲಮಾಳಿಗೆಯಲ್ಲೇ ಇತ್ತು.
ವಿಶ್ವವಿದ್ಯಾಲಯದ ಬೀದಿಯಲ್ಲಿ ಬಸ್ಸುಗಳ ಅದುರು ಜಾಸ್ತಿ,
ಎಂದು ಅರ್ಜಿಯಲ್ಲಿ ಬರೆದಿದ್ದರು.
ನಿಜ ನನಗೆ ಗೊತ್ತು:
ಮಕ್ಕಳು ರಾತ್ರಿ ಕೆಮ್ಮಿದರೆ ಕೇಳಿಸುವಷ್ಟು
ಹತ್ತಿರದಲ್ಲೇ ಕೂರಬೇಕಿತ್ತು ಅವರಿಗೆ.

ನಾನು ಲೋತಾ ಊರಿನ ಕಲ್ಲಿದ್ದಲು ಗಣಿಯವನ ಮಗ,
ಮಸಿ ಹೊಸದಲ್ಲ.
ಸೀಮೆಎಣ್ಣೆ ದೀಪದ ಹೊಗೆಗೆ ಬಿಳಿ ಹಾಳೆ ಒಡ್ಡಿ
ಕಾಡಿಗೆಯ ಹಾಗೆ ಸಮನಾಗಿ ಕಪ್ಪು ಕೂರಿಸುವುದು,
ಉರುಳೆಗೆ ಸುತ್ತುವುದು,
ಸೂಜಿ ಕೆರೆದ ಬಿಳಿಗೆರೆ ಅಳಿಸದಂತೆ
ಬೆಳಿಗ್ಗೆ ಅರಗಿನ ನೀರಲ್ಲಿ ಅದ್ದಿ ಹಗ್ಗಕ್ಕೆ ತೂಗುಹಾಕುವುದು.
ಇಪ್ಪತ್ತಾರು ವರ್ಷ.
ಅದೇ ಹಗ್ಗದ ಆ ತುದಿಗೆ ಗಾಸ್ಪಾರನ ಪುಟ್ಟ ಚಡ್ಡಿಗಳು.

ತರಗತಿಯ ಮೊದಲ ದಿನ ಪ್ರತಿ ವರ್ಷವೂ ಒಂದೇ ಮಾತು:
"ನೆಲ ನಡುಗಿದರೆ ಮೊದಲು ಮಗುವನ್ನು ಎತ್ತಿಕೊಳ್ಳಿ.
ಮಗು ಇಲ್ಲವೋ, ಪಕ್ಕದ ಮನೆಯದ್ದನ್ನು.
ಆಮೇಲೆ ಗಡಿಯಾರ ನೋಡಿ."
ಹುಡುಗರು ನಗುತ್ತಿದ್ದರು.
ಪರೀಕ್ಷೆಯಲ್ಲೂ ಅದನ್ನೇ ಕೇಳುತ್ತಿದ್ದರು, ಒಂದು ಅಂಕಕ್ಕೆ.

ಒಂದು ಮಂಗಳವಾರ, ಸಂಜೆ ಚಹಾದ ಹೊತ್ತು,
ತಣ್ಣಗೆ ಹರಿಯುತ್ತಿದ್ದ ಗೆರೆಯಲ್ಲಿ ಏಳು ಮುಳ್ಳು ಎದ್ದವು.
ಎರಡೆರಡು ಮೆಟ್ಟಿಲು ಹಾರಿ ಮೇಲೆ ಓಡಿದೆ:
ಕೇಂದ್ರ ಎಲ್ಲಿ ಸಾರ್, ಆಳ ಎಷ್ಟು?
ದೋನ್ ಆನ್ಸೆಲ್ಮೊ ಬ್ರೆಡ್ಡಿಗೆ ಬೆಣ್ಣೆಹಣ್ಣು ಸವರುತ್ತಿದ್ದರು.
"ಕೇಂದ್ರ, ಊಟದ ಮನೆ. ಆಳ, ಸೊನ್ನೆ.
ಮಕಾರೆನಾಗೆ ಇವತ್ತು ಐದು ತುಂಬಿತು. ಕುಣಿದಳು."
ಹಾಳೆ ಎಸೆಯಲಿಲ್ಲ. ಕೆಳಗಿಳಿದು ಬಂದು
ಗುಂಡುಸೂಜಿಯಿಂದ ಮಸಿಯಲ್ಲೇ ಕೆರೆದರು,
ಕಾರಣ: ಮಗಳು.

ಸಂತರೇನಲ್ಲ.
ಗಡಿಯಾರ ಮೂರು ಸೆಕೆಂಡು ಹಿಂದಿದೆಯೆಂದು ಬೀದಿಗೆ ಕೇಳುವ ಹಾಗೆ
ನನ್ನ ಮೇಲೆ ಕೂಗಾಡಿದರು ಒಮ್ಮೆ.
ಮರುದಿನ ನನ್ನ ಮೇಜಿನ ಮೇಲೆ ಅರ್ಧ ಕೇಕು,
ಚೀಟಿಯಿಲ್ಲ, ಕ್ಷಮೆಯಿಲ್ಲ.
ಕರೆಂಟಿನ ಬಿಲ್ಲು ಕೋಟಿನ ಜೇಬಿನಲ್ಲೇ ಒಗೆದುಹೋಗಿ
ಎಲ್ವಿರಾ ಬೈದರೆ, ಮೋಂಬತ್ತಿ ಹಚ್ಚಿ ಉತ್ತರಪತ್ರಿಕೆ ತಿದ್ದುತ್ತಿದ್ದರು.
ಎದೆಯ ತುಂಬ ಗಣಿಯ ಧೂಳು ಹೊತ್ತು ಅಪ್ಪ ಮಲಗಿದ್ದಾಗ
ಮೂರು ರಾತ್ರಿ ನನ್ನ ಬದಲು ಹಾಳೆಗೆ ಹೊಗೆ ಹಿಡಿದವರು ಅವರೇ.
ಆ ಮೂರನ್ನು ಈಗಲೂ ದೂರದಿಂದಲೇ ಗುರುತಿಸುತ್ತೇನೆ:
ಕಪ್ಪು ಒಂದೆಡೆ ದಪ್ಪ ಒಂದೆಡೆ ತೆಳು,
ಮೂಲೆಮೂಲೆಗೂ ಹೆಬ್ಬೆರಳು.

ಆಮೇಲೆ ಆ ದೊಡ್ಡ ರಾತ್ರಿ.
ಸೂಜಿ ಉರುಳೆ ಬಿಟ್ಟು ಗೋಡೆಗೆ ಹಾರಿತು.
ಕತ್ತಲಲ್ಲಿ ತಡಕುತ್ತಾ ಅಂಗಳಕ್ಕೆ ಬಂದರೆ
ಮೇಷ್ಟ್ರು ಒಂದೇ ಚಪ್ಪಲಿಯಲ್ಲಿ ನಿಂತಿದ್ದಾರೆ,
ಒಂದು ಹೆಗಲಿಗೆ ಗಾಸ್ಪಾರ,
ಇನ್ನೊಂದಕ್ಕೆ ಪಕ್ಕದ ಮನೆಯ ಮೀನುಗಾರನ ಮಗ,
ಕಾಲು ತಬ್ಬಿ ಮಕಾರೆನಾ.
ಹೊತ್ತು ಎಷ್ಟಾಗಿತ್ತು ಸಾರ್?
"ನೋಡಲಿಲ್ಲ," ಎಂದರು.
ರಾಜಧಾನಿಯಿಂದ ಮೂರು ಪತ್ರ ಬಂದವು, ಹೊತ್ತು ಕೇಳಿ.
ಮೂರಕ್ಕೂ ಅದೇ ಉತ್ತರ ಬರೆದರು, ಒಂದಿಷ್ಟೂ ನಾಚದೆ.

ಮನೆಯಿಂದ ಅವರನ್ನು ಎತ್ತುವ ದಿನ
ಯಂತ್ರ ನಿಲ್ಲಿಸಲೇ ಎಂದು ಕೇಳಿದೆ.
ಎಲ್ವಿರಾ ತಲೆಯಾಡಿಸಿದರು, ಓಡಲಿ.
ಬಿಯೊಬಿಯೊ ನದಿಯ ಕಡೆಯಿಂದ ಗಾಳಿ.
ಅಂಗಳ ಸಾಲದೆ ಜನ ರಸ್ತೆಗೂ ಚೆಲ್ಲಿ ನಿಂತಿದ್ದರು:
ಒಂದು ಅಂಕದವರು ಎಷ್ಟೋ ಜನ, ಕೆಲವರ ತಲೆ ನರೆತಿದೆ;
ಮೀನುಗಾರನ ಮಗ, ಈಗ ಗಡ್ಡದವನು, ಹೆಗಲು ಕೊಟ್ಟ;
ಮಕಾರೆನಾ ತನ್ನ ಅವಳಿಗಳನ್ನು ಕೆಳಗಿಳಿಸಲೇ ಇಲ್ಲ.

ಸಂಜೆ ಉರುಳೆ ಬಿಚ್ಚಿದೆ.
ಎರಡೂ ಕಾಲರಿಂದ ನಾಲ್ಕರವರೆಗೆ ಗೆರೆಯೇ ಇಲ್ಲ,
ಸೂಜಿ ಅತ್ತಿತ್ತ ಒದ್ದಾಡಿ ಕೆರೆದು ಕೆರೆದು
ಬರಿಯ ಬಿಳುಪು, ಬೈತಲೆಯಷ್ಟಲ್ಲ, ಅಂಗೈ ಅಗಲ.
ಗುಂಡುಸೂಜಿ ತೆಗೆದುಕೊಂಡೆ.
ಅಂಚಿನಲ್ಲಿ, ಅವರ ಹಾಗೆಯೇ ಓರೆಯಾಗಿ,
ಕಾರಣ, ಎಂದು ಕೆರೆದೆ.

ಮುಂದೆ ಬರೆಯಲು ಮಸಿ ಉಳಿದಿರಲಿಲ್ಲ.