ಕಂಬಗಳ ನಡುವೆ ಬೇಡ

ಉಲಾನ್‌ಬಾತರಿನ ಉತ್ತರದ ಗುಡ್ಡ. ಮೈನಸ್ ಮೂವತ್ತೊಂದು.
ಗೆರ್ ಎಂಬ ಈ ಉಣ್ಣೆಯ ದುಂಡು ಮನೆಗೆ
ಏಣಿ ಬೇಕಿಲ್ಲ, ಗೋಡೆ ನನ್ನ ಭುಜದಷ್ಟೇ ಎತ್ತರ.
ಒಂದು ಸ್ಕ್ರೂಡ್ರೈವರ್, ಒಂದು ಅಳತೆಪಟ್ಟಿ.
ಬ್ಯಾಟರಿಗಳನ್ನು ಮಾತ್ರ ಕಂಕುಳಲ್ಲಿ ಬೆಚ್ಚಗಿಟ್ಟು ತಂದಿದ್ದೇನೆ,
ಮೊಟ್ಟೆ ತರುವ ಹಾಗೆ.

ಇದಕ್ಕೆ ಮೂಗಿದೆಯಾ? ಕೇಳಿದಳು ದುಲಮ್‌ಸುರೇನ್ ಅಜ್ಜಿ.
ಮೂಗು ಮಾತ್ರ ಇದೆ, ಅಂದೆ.
ನಮಗೆ ವಾಸನೆ ಬಾರದ್ದು ಇದಕ್ಕೆ ಬರುತ್ತದೆ.
ಹಾಗಾದರೆ ನನ್ನ ಮುದಿ ನಾಯಿಗಿಂತ ವಾಸಿ,
ಅನ್ನುತ್ತ ಬಟ್ಟಲಿಗೆ ಉಪ್ಪು ಹಾಕಿದ ಹಾಲಿನ ಚಹಾ ಸುರಿದಳು.

ಎಲ್ಲಿಡಲಿ?
ಒಲೆಗೆ ಅಂಟಿಸಿ ಬೇಡ: ಹೊತ್ತಿಸುವಾಗಿನ ಮೊದಲ ಹೊಗೆಗೇ ಬೊಬ್ಬೆ ಹೊಡೆದು,
ಮೂರನೆಯ ದಿನ ನೀವೇ ಅದರ ಬಾಯಿಗೆ ಬಟ್ಟೆ ತುರುಕುತ್ತೀರಿ.
ಕೆಟಲಿನ ಮೇಲೆ ಬೇಡ, ಹಬೆಗೆ ಮೂಗು ಕಟ್ಟುತ್ತದೆ.
ಬಾಗಿಲ ಬಳಿ ಗಾಳಿ ಸುಳ್ಳು ಹೇಳುತ್ತದೆ,
ಮೇಲೆ ಆಕಾಶಕ್ಕೆ ತೆರೆದ ಚಕ್ರದಡಿಯಲ್ಲೂ ಅಷ್ಟೇ.
ತಗಡಿನ ಹೊಗೆಕೊಳವೆಯ ಹಿಂದೆ ಅಡಗಿಸಿದರೆ
ಇದು ಕೂಗಿದ್ದು ಬೀದಿದೀಪಕ್ಕೆ ಕಟ್ಟಿದ ಪೆಟ್ಟಿಗೆಗೆ
ಮುಟ್ಟುವುದೇ ಇಲ್ಲ.

ಅಳತೆಪಟ್ಟಿ ಹೇಳಿದ್ದು ನಡುಮಧ್ಯದ ಜಾಗ,
ಚಕ್ರವನ್ನು ಹೊತ್ತ ಎರಡು ಕಂಬಗಳ ನಡುವೆ.
ಕೈ ಚಾಚಿದ್ದೇ ತಡ, ಅವಳ ಸೌಟು ನೆಲಕ್ಕೆ ಬಿತ್ತು.
ಕಂಬಗಳ ನಡುವೆ ಬೇಡ.
ಗಂಡಹೆಂಡಿರ ನಡುವೆ ಕೈ ಹಾಕುತ್ತಾರೇನೇ ಹುಡುಗಿ?
ನನಗೂ ಗೊತ್ತಿತ್ತು.
ಫ್ಲ್ಯಾಟಿನಲ್ಲಿ ಬೆಳೆದ ಕೈಗೆ ಮರೆತಿತ್ತು.
ಕೈಪಿಡಿಯಲ್ಲಿ ಈ ಸಾಲಿಲ್ಲ. ಅಂಚಿನಲ್ಲಿ ಪೆನ್ಸಿಲಿನಿಂದ ಬರೆದುಕೊಂಡೆ.

ಕೊನೆಗೆ ಅವಳ ಮಂಚದಲ್ಲಿ ಬೂಟು ಕಳಚಿ ಮಲಗಿ ನೋಡಿದೆ,
ಉಸಿರು ಎಲ್ಲಿಯವರೆಗೆ ಏಳುತ್ತದೆ, ಎಲ್ಲಿ ಇಳಿಯುತ್ತದೆ.
ಮೈಯಿಂದ ಇಪ್ಪತ್ತು ಸೆಂಟಿಮೀಟರ್ ದೂರ ಇರಲಿ ಅಜ್ಜಿ.
ಅವಳು ಹೆಬ್ಬೆರಳು ಕಿರುಬೆರಳು ಅಗಲಿಸಿ ಗಾಳಿಯಲ್ಲಿ ಹಿಡಿದಳು: ಇಷ್ಟಾ?
ಇಷ್ಟೇ. ಒಂದು ಗೇಣು.
ಪರೀಕ್ಷೆಯ ಗುಂಡಿ ಒತ್ತಿದೆ. ಕಿರುಚಿತು.
ಹೊರಗೆ ಮುದಿ ನಾಯಿ ಅವಮಾನವಾದಂತೆ ಬೊಗಳಿತು.

ಹೊರಟಾಗ ಕಂಡದ್ದು:
ಪಕ್ಕದ ಬೇಲಿಯೊಳಗೆ ನೆಲದ ಮೇಲೆ ಒಂದು ದುಂಡು ಗುರುತು.
ಸುತ್ತಲಿನ ಹಿಮಕ್ಕೂ ಅಲ್ಲಿನ ಹಿಮಕ್ಕೂ ಬಣ್ಣ ಬೇರೆ.
ನಾನು ಕೇಳಲಿಲ್ಲ. ಅವಳು ಹೇಳಲಿಲ್ಲ.

ಒಂಬತ್ತನೆಯ ದಿನದಿಂದ ಪರದೆಯ ಮೇಲೆ ಬರೀ ಸೊನ್ನೆ.
ಒಲೆ ಉರಿಯುವ ಮನೆಯಿಂದ ಸೊನ್ನೆ ಬಂದರೆ
ನೆಮ್ಮದಿ ಪಡುವ ಹಾಗಿಲ್ಲ.
ಮೊದಲ ಬಸ್ಸು ಹಿಡಿದೆ, ಗುಡ್ಡ ಓಡಿ ಹತ್ತಿದೆ,
ಗಂಟಲಲ್ಲಿ ಕಲ್ಲಿದ್ದಲ ರುಚಿ.
ಬದುಕಿದ್ದಳು. ಹಿಟ್ಟು ನಾದುತ್ತಿದ್ದಳು.
ಮಂಚದ ಮೇಲೆ ನನ್ನ ಯಂತ್ರ
ಮಸಿ ತಾಗದಿರಲೆಂದು ಪ್ಲಾಸ್ಟಿಕ್ ಚೀಲದೊಳಗೆ, ಬಾಯಿ ಬಿಗಿದು,
ಅದರ ಮೇಲೆ ಪೂಜೆಯ ನೀಲಿ ರೇಷ್ಮೆ, ಮೂರು ಸುತ್ತು.
ಕಾಯುವವರನ್ನು ಬರಿಮೈಯಲ್ಲಿ ನಿಲ್ಲಿಸಬಾರದಲ್ಲ, ಅಂದಳು.

ಬೈಯಲು ಬಾಯಿ ತೆರೆದೆ. ಬಿಸಿ ಹಬೆಯೂಟ ಬಂತು ಬಾಯಿಗೆ.
ಅಗಿಯುತ್ತಲೇ ಒಪ್ಪಂದವಾಯಿತು:
ಚೀಲ ಒಲೆಯ ಪಾಲಿಗಲ್ಲ, ಕಸದ ಬುಟ್ಟಿಗೆ.
ರೇಷ್ಮೆ ಯಂತ್ರದ ಕೆಳಗೆ, ಬೇರೆ ಮೊಳೆಗೆ,
ಒಂದು ಗೇಣು ಬಿಟ್ಟು. ಮರ್ಯಾದೆಗೂ ಉಸಿರಾಡಲು ಜಾಗ ಬೇಕು.

ಈಗ ರಾತ್ರಿಗಳಲ್ಲಿ ನನ್ನ ಅಡುಗೆಮನೆಯಲ್ಲಿ ಪರದೆ ಬೆಳಗುತ್ತದೆ.
ಎರಡು. ಎರಡು. ಮೂರು.
ಮೂರು ಗಂಟೆ ಹತ್ತು ನಿಮಿಷಕ್ಕೆ ಹನ್ನೊಂದು,
ಮತ್ತೆ ಮೆಲ್ಲಗೆ ಇಳಿತ.
ಎದ್ದಿದ್ದಾಳೆ. ಒಲೆಯ ಬಾಗಿಲು ತೆರೆದಿದ್ದಾಳೆ,
ಒಂದು ಕಲ್ಲಿದ್ದಲ ಇಟ್ಟಿಗೆ. ದಿನಾ ಅದೇ ಹೊತ್ತಿಗೆ.
ಹೊಗೆಯನ್ನು ಕಾಯಲು ಹೋಗಿ
ಒಬ್ಬಳ ನಿದ್ದೆಗೆಟ್ಟ ಹೊತ್ತನ್ನು ಕದ್ದು ನೋಡುತ್ತಿದ್ದೇನೆ.
ಕೈಪಿಡಿಯಲ್ಲಿ ಇದಕ್ಕೂ ಸಾಲಿಲ್ಲ.

ಬ್ಯಾಟರಿ ಬದಲಿಸಲು ಹೋದಾಗ ತಪ್ಪೊಪ್ಪಿಕೊಂಡೆ:
ಅಜ್ಜಿ, ನೀವು ಮೂರಕ್ಕೆ ಏಳುವುದು ನನಗೆ ಗೊತ್ತಾಗುತ್ತದೆ.
ಅವಳು ನನ್ನನ್ನೇ ನೋಡಿದಳು, ಬಹಳ ಹೊತ್ತು,
ಆಮೇಲೆ ಕಂಬವನ್ನು ಬಳಸಿಕೊಂಡು ಬಂದು ಬಟ್ಟಲು ತುಂಬಿದಳು.
ಹಾಗಾದರೆ, ಅಂದಳು,
ನೀನೂ ಮಲಗಿರುವುದಿಲ್ಲ.