ಚಿಮಣಿ

ಗಾಜಿನಾಚೆ ಐದು ರಾಜಹಂಸ.
ಒಂದರ ಕೊಕ್ಕಿನ ಗೋಂದು ಬಿಟ್ಟಿದೆ.
ಕೆಸರೆಂದರೆ ಪ್ಲಾಸ್ಟರು, ನೀರೆಂದರೆ ವಾರ್ನಿಷು,
ಹಿಂದಿನ ಆಕಾಶ ಮಾತ್ರ
ನಮ್ಮ ಐತಪ್ಪ ಮಾಮನದು.

ಫಲಕದಲ್ಲಿ ಅವನ ಹೆಸರಿಲ್ಲ.
ಹಕ್ಕಿಗೆ ಲ್ಯಾಟಿನ್ನಿನಲ್ಲೂ ಹೆಸರಿದೆ,
ಹೊಡೆದು ತಂದ ಸಾಹೇಬನಿಗೆ ಇನಿಶಿಯಲ್ಲು ಸಮೇತ.

ಲಾಲ್‌ಬಾಗಿನ ಚಾಳಿನಲ್ಲಿದ್ದು ಮಾಮ
ಅಂಗಡಿಗಳ ಬೋರ್ಡು ಬರೆಯುತ್ತಿದ್ದ.
ಸಿನೆಮಾ ಬ್ಯಾನರಿನಲ್ಲಿ
ನಾಯಕಿಯ ಕಿವಿಯಷ್ಟೇ ಅವನ ಪಾಲಿಗೆ.
ಒಂದು ಮಳೆಗಾಲ ಮ್ಯೂಸಿಯಮ್ಮಿನಲ್ಲಿ ದಿನಗೂಲಿ:
ಕಚ್ಛದ ರಣ ಬರಿ, ಎಂದರಂತೆ.
ಕಚ್ಛವನ್ನು ಅವನು ಕಂಡದ್ದು
ಉಪ್ಪಿನ ಗೋಣಿಯ ಮೇಲಿನ ಅಕ್ಷರದಲ್ಲಿ.

ಬರೆದ. ಸಂಜೆಗೆಂಪು, ತೆಳು ನೇರಳೆ,
ದೂರದಲ್ಲೊಂದು ದಿಗಂತದ ಗೆರೆ,
ಗೆರೆಯ ಮೇಲೆ, ಕೈ ತಾನಾಗಿ ಹೋಗಿ,
ಗಿರಣಿಯದೊಂದು ಚಿಮಣಿ.

ಇದೇನಯ್ಯಾ, ಎಂದು ಸಿಟ್ಟಾದರು ದೊಡ್ಡವರು.
ಅದಿಲ್ಲದೆ ಆಕಾಶ ನಿಲ್ಲೋದು ಹೇಗೆ ಸಾರ್,
ಎಂದನೋ, ಎಂದೆನೆಂದು ನಮಗೆ ಹೇಳಿದನೋ.
ಅಂತೂ ಅದರ ಮೇಲೊಂದು ಮೋಡ ಬಳಿಸಿದರು,
ಅರ್ಧ ದಿನದ ಕೂಲಿ ಹಿಡಿದರು.

ಆಮೇಲೆ ಮುಷ್ಕರ. ಗಿರಣಿ ಮುಚ್ಚಿತು.
ಆ ಜಾಗದಲ್ಲೀಗ ಐವತ್ತು ಮಹಡಿ,
ನೆತ್ತಿಯ ಮೇಲೆ ಈಜುಕೊಳ.
ಮಾಮ ಹೋದದ್ದು ಪರೇಲಿನ ಆಸ್ಪತ್ರೆಯಲ್ಲಿ,
ಉಗುರಿನ ಸಂದಿಯಲ್ಲಿ
ಟರ್ಪೆಂಟೈನಿಗೂ ಬಿಡದ ಬಿಳಿ.

ಇವತ್ತು ಟಿಕೆಟ್ಟು ಕೊಂಡು ಬಂದು ನಿಂತಿದ್ದೇನೆ.
ಪಕ್ಕದಲ್ಲಿ ಸಾಲು ಮುರಿದ ಶಾಲೆಯ ಮಕ್ಕಳು,
ಗಾಜಿಗೊತ್ತಿದ ಮೂಗುಗಳು.
ಟೀಚರ್, ಜಿವಂತ್ ಆಹೇ ಕಾ?
ಟೀಚರು ಫೋನಿನಲ್ಲಿದ್ದಾರೆ.
ಎರಡು ಜಡೆಯ ಒಬ್ಬಳು ಬೆರಳು ಚಾಚಿ,
ಚಿಮಣಿ!

ಚಿಮಣಿ ಇಲ್ಲೆಲ್ಲಿ ಬೇಟಾ,
ಆಚೆ ಕೋಣೆಯಲ್ಲಿ, ಬುಲ್‌ಬುಲ್ಲಿನ ಪಕ್ಕ,
ಎಂದ ಕಾವಲಿನವ.
ಇಲ್ಲಿ ಗುಬ್ಬಿಗೂ ಅದೇ ಹೆಸರು.
ಊರಿನಲ್ಲಿ ನಮಗೆ ಸೀಮೆಎಣ್ಣೆಯ ದೀಪಕ್ಕೆ.
ಅವಳು ಯಾವುದನ್ನು ಕಂಡಳೋ.
ಕೇಳೋಣವೆಂದರೆ ಸಾಲು ಆಗಲೇ
ಹುಲಿಯ ಕಡೆ ಓಡಿತ್ತು.

ಬಗ್ಗಿ ನೋಡಿದೆ.
ಮೋಡ ಸವೆದಿದೆ.
ಹಳೆಯ ಸೀರೆಯೊಳಗಿಂದ ಲಂಗದ ಅಂಚು ಕಂಡಂತೆ
ಬೂದು ಗೆರೆಯೊಂದು, ನೆಟ್ಟಗೆ,
ಯಾರ ಅಪ್ಪಣೆಗೂ ಕಾಯದೆ.

ಇನ್ನೂ ಹತ್ತಿರ ಹೋದೆ. ನನ್ನ ಉಸಿರು ತಾಗಿ
ಗಾಜು ಅಷ್ಟಗಲ ಮಂಜಾಯಿತು,
ಸರಿಯಾಗಿ ಅದರ ನೆತ್ತಿಯ ಮೇಲೆ,
ಮೊದಲ ಪಾಳಿಯ ಹೊಗೆ.

ಹಟಾ ಹಟಾ, ಎನ್ನುತ್ತ ಕಾವಲಿನವ
ಹೆಗಲ ಬಟ್ಟೆ ತೆಗೆದು ಒರೆಸಿದ.