ನಮ್ಮ ಕಡೆ ಇಲ್ಲದ ಕಪ್ಪೆ

ರಾತ್ರಿ ಒಂದೂಕಾಲು. ಹಿಟ್ಟು ಒದ್ದೆ ಬಟ್ಟೆಯಡಿ ಉಬ್ಬುತ್ತಿತ್ತು,
ಮೊದಲ ಒಬ್ಬೆ ಬ್ರೆಡ್ಡು ಒಲೆಯೊಳಗೆ.
ಜೇಬಿನಲ್ಲಿ ಫೋನು ನಡುಗಿತು.
ನಾದಿನಿ ಯೆಸೆನಿಯಾ ಕಳಿಸಿದ ದನಿ. ಅವಳ ದನಿಯಲ್ಲ,
ಅವಳಿಗೆ ಯಾರೋ, ಆ ಯಾರಿಗೋ ಇನ್ಯಾರೋ ಕಳಿಸಿದ
ಒಬ್ಬ ಹೆಂಗಸಿನ ಅಳು:
"ನಮ್ಮಣ್ಣ ನೌಕಾಪಡೆಯಲ್ಲಿದ್ದಾನೆ. ಮೂರು ಗಂಟೆಗೆ ಕಡಲು ಏರುತ್ತದೆ.
ಹೇಳಬೇಡಿ ಅಂತ ಮೇಲಿನವರ ಆಜ್ಞೆ. ಸಿಕ್ಕ ಬಸ್ಸು ಹತ್ತಿ,
ನಿಮ್ಮವರಿಗೆಲ್ಲ ತಿಳಿಸಿ, ಬೇಗ, ಇದನ್ನು ಅಳಿಸಿಬಿಡುತ್ತಾರೆ."

ಹನ್ನೊಂದು ಜನಕ್ಕೆ ಕಳಿಸಿದೆ.
ಗಾಜಿನ ಮೇಲೆ ಹಿಟ್ಟಿನ ಬೆರಳಿನ ಹನ್ನೊಂದು ಬಿಳಿ ಗುರುತು.
ಯಾಕೆ ಎಂದು ಆಮೇಲೆ ಕೇಳಿದವರಿಗೆ ಹೇಳಿದ್ದು ಇಷ್ಟೇ:
ನನಗೆ ಪ್ರೀತಿಯ ಜನ ಹನ್ನೊಂದೇ.
ಹೇಳದೆ ಉಳಿಸಿಕೊಂಡದ್ದು:
ಮೊದಲು ತಿಳಿಸಿದವನು ನಾನಾಗಲಿ ಎಂಬ
ಒಂದು ಚಿಟಿಕೆ ಉಪ್ಪೂ ಅದರಲ್ಲಿತ್ತು.

ನಮ್ಮ ಪಿಯೂರೆ ಕೊಲ್ಲಿಗೆ ಕಡಲು ಒಮ್ಮೆ ನಿಜಕ್ಕೂ ನುಗ್ಗಿತ್ತು.
ಶಾಲೆಯ ಗೋಡೆಯಲ್ಲಿ ಆ ನೀರಿನ ಗೆರೆ ಇನ್ನೂ ಇದೆ,
ನನ್ನ ಭುಜಕ್ಕಿಂತ ಎತ್ತರ.
ಸುಳ್ಳಿಗೆ ಸ್ವಂತ ಕಾಲಿಲ್ಲ; ಆ ಗೆರೆ ಹಿಡಿದೇ ನಡೆದು ಬಂತು.
ಸೈರನ್ ಕೂಗಲಿಲ್ಲ.
"ನೋಡಿದಿರಾ, ಮುಚ್ಚಿಡುತ್ತಿದ್ದಾರೆ" ಎಂದೆವು.
ಕೂಗಿದ್ದರೂ "ನೋಡಿದಿರಾ" ಎನ್ನುತ್ತಿದ್ದೆವು.

ಗುಡ್ಡಕ್ಕೆ ಮುನ್ನೂರ ಹನ್ನೆರಡು ಮೆಟ್ಟಿಲು.
ಕೋಳಿಬುಟ್ಟಿ, ಟಿವಿ, ಇನ್ಸುಲಿನ್, ಮದುವೆಯ ಫೋಟೊ ಹೊತ್ತು
ಊರಿಗೆ ಊರೇ ಹತ್ತಿತು.
ಕಪ್ಪೆಚಿಪ್ಪಿಗೆ ಮುಳುಗುವ ಮುದುಕ ನಿಬಾಲ್ದೊ
ಇನ್ನೂರನೆಯದರಲ್ಲಿ ಜಾರಿದ.
ಸೊಂಟದ ಮೂಳೆ ಮುರಿದ ಸದ್ದು ಕೇಳಿಸಿತು,
ನಿನ್ನೆಯ ಬ್ರೆಡ್ಡು ಮುರಿದ ಹಾಗೆ.
ಮೂರಾಯಿತು. ಮೂರೂವರೆ.
ಕೆಳಗೆ ಕಡಲು ಹಾಸಿಟ್ಟ ಚಾಪೆ.
"ತಡವಾಗಿ ಬರುತ್ತದೆ" ಎಂದರು ಯಾರೋ.
ಬರಲಿ ಎಂದೇ ಇತ್ತೇನೋ ಒಳಗೊಳಗೆ,
ಇಷ್ಟೆಲ್ಲ ಹತ್ತಿದ ಮೇಲೆ.

ಹತ್ತದವಳು ಒಬ್ಬಳೇ, ಎದುವಿನಾ.
ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಿವಿ ಸವೆಸಿದವಳು.
ಬೆಳಿಗ್ಗೆ ಅಂಗಡಿಗೆ ಬಂದಳು; ಕರಕಲಾದ ಒಬ್ಬೆಯನ್ನು ನಾನು ಕೆರೆಯುತ್ತಿದ್ದೆ.
"ರಾತ್ರಿ ಕಿಟಕಿಯಿಂದ ಕೂಗಿದೆ, ಒಬ್ಬರೂ ನಿಲ್ಲಲಿಲ್ಲ.
ಹಾಕು ಅದನ್ನು. ಮಾತು ಬಿಡು, ಮಾತಿನ ಬೆನ್ನಿಗೆ ಏನಿದೆ ಕೇಳು."
ಅಳುವಿನ ಹಿಂದೆ, ಸಣ್ಣಗೆ:
ಕೊಕೀ. ಕೊಕೀ.
"ಕಪ್ಪೆ. ಈ ಕಪ್ಪೆ ನಮ್ಮ ಚಳಿ ಕರಾವಳಿಯದಲ್ಲ, ಎಲ್ಲೋ ಬಿಸಿ ದ್ವೀಪದ್ದು.
ಬಸ್ಸಿಗೆ ಅವಳು ಬಳಸಿದ ಪದ ಚಿಲಿಯಲ್ಲಿ ಯಾರ ಬಾಯಲ್ಲೂ ಇಲ್ಲ.
ಯಾವ ಕಡಲೋ, ಯಾವ ವರ್ಷದ ಮೂರು ಗಂಟೆಯೋ.
ಪಾಪ, ಅವಳು ಸುಳ್ಳು ಹೇಳಿರಲಿಕ್ಕೂ ಇಲ್ಲ.
ಅಣ್ಣನಿಗೆ ಹೆಸರಿದೆಯೇ? ದಿನಕ್ಕೆ ತಾರೀಖಿದೆಯೇ?
ಅಳು ಮಾತ್ರ ಇದೆ. ಅಳುವವರ ಮುಂದೆ
ಪ್ರಶ್ನೆ ಕೇಳಲು ನಮಗೆ ನಾಚಿಕೆ."
ಹೊಸ್ತಿಲಲ್ಲಿ ತಿರುಗಿ ನಿಂತಳು:
"ನೆಲ ನಡುಗಿದರೆ ಯಾರನ್ನೂ ಕೇಳಬೇಡ, ಓಡು.
ಫೋನು ನಡುಗಿದರೆ ಕೂತು ಕೇಳು. ಎರಡು ಸಲ."

"ತಪ್ಪಾಯಿತು, ಅದು ಸುಳ್ಳು" ಎಂದು ಹನ್ನೊಂದು ಜನಕ್ಕೂ ಬರೆದೆ.
ಮೂವರು ಹೆಬ್ಬೆಟ್ಟಿನ ಚಿತ್ರ ಒತ್ತಿದರು.
ಮುಂದಕ್ಕೆ ಯಾರೂ ಕಳಿಸಲಿಲ್ಲ.
ವಾರ ಕಳೆದು ಅದೇ ಅಳು ಉತ್ತರದ ಊರಿನಿಂದ
ನನಗೇ ವಾಪಸು ಬಂತು, ಈ ಸಲ ಫೋಟೊ ಸಮೇತ:
ಗುಡ್ಡ, ಕತ್ತಲು, ಟಾರ್ಚುಗಳು, ಕೋಳಿಬುಟ್ಟಿ.
"ನಂಬದಿದ್ದರೆ ನೋಡಿ, ಪಿಯೂರೆಯ ಜನ ಆಗಲೇ ಹತ್ತಿದ್ದಾರೆ."
ಆ ಮೂರನೆಯ ಟಾರ್ಚು ನನ್ನದು.

ನಿಬಾಲ್ದೊ ಮನೆಗೆ ಬಂದಿದ್ದಾನೆ. ದಿನಾ ಬ್ರೆಡ್ಡು ಒಯ್ಯುತ್ತೇನೆ.
"ಇನ್ನು ಸೈರನ್ನೇ ಕೂಗಲಿ, ನಾನು ಹತ್ತುವವನಲ್ಲ" ಎನ್ನುತ್ತಾನೆ,
ಚಹಾದಲ್ಲಿ ತುಂಡು ಅದ್ದುತ್ತ.
ಅವನ ಮನೆ ಶಾಲೆಯ ಆ ಗೆರೆಗಿಂತ ಕೆಳಗಿದೆ.